ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ (1930–2006): ಜೀವನ ಮತ್ತು ಕಾರ್ಯ

ಮನೆಗೆ ವಿದ್ಯುತ್ ಸಂಪರ್ಕ, ಪಂಪ್‌ಸೆಟ್‌ಗೆ ಮಂಜೂರಾತಿ, ಅಡುಗೆ ಅನಿಲ ಅಥವಾ ಗೋಬರ್ ಗ್ಯಾಸ್ ಘಟಕಕ್ಕೆ ಸಹಾಯಧನ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಸಹಜವಾಗಿ ತಮ್ಮ ಪಾಲಿನ ಸೌಲಭ್ಯದ ಬಗ್ಗೆ ಮಾತ್ರ ವಿಚಾರಿಸುತ್ತಾರೆ. ಆ ಸೌಲಭ್ಯಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ, ಅದಕ್ಕಾಗಿ ಯಾವ ಕಾಡು, ಯಾವ ನದಿ, ಯಾರ ಹಣ ವ್ಯಯವಾಗುತ್ತದೆ, ಅದೇ ಸೌಲಭ್ಯವನ್ನು ಕಡಿಮೆ ವ್ಯಯದಲ್ಲಿ ಒದಗಿಸಲು ಸಾಧ್ಯವೇ ಎಂಬ ಲೆಕ್ಕವನ್ನು ಕರ್ನಾಟಕದಲ್ಲಿ ಕ್ರಮಬದ್ಧವಾಗಿ ಹಾಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ಕುಮಾರ ನಾರಾಯಣ ರೆಡ್ಡಿಯವರು ಅಗ್ರಗಣ್ಯರು. ಪದವಿಯಿಂದ ಅವರು ರಸಾಯನಶಾಸ್ತ್ರಜ್ಞರು. ಆದರೆ ಅವರ ಹೆಸರು ಜಗತ್ತಿನಾದ್ಯಂತ ಉಳಿದಿರುವುದು ಪರಿಸರಕ್ಕೆ ಹೊಂದುವ ಅರ್ಥವ್ಯವಸ್ಥೆಯ, ಅದರಲ್ಲೂ ಶಕ್ತಿಯ ಅರ್ಥಶಾಸ್ತ್ರದ ಚಿಂತಕರೆಂದು.

ನವಿಲುತೀರ್ಥದ ಸುತ್ತಲಿನ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಜನರಿಗೆ ಈ ಲೆಕ್ಕ ಹೊಸದೇನೂ ಅಲ್ಲ. ಮಲಪ್ರಭಾ ನದಿಗೆ ನವಿಲುತೀರ್ಥದ ಕಣಿವೆಯಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ ನಿಂತಿರುವ ರೇಣುಕಾ ಸಾಗರದ ಸಾಮರ್ಥ್ಯ 37.73 ಟಿ.ಎಂ.ಸಿ. ಅಡಿ. ಆದರೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಜಲಾಶಯ ತುಂಬುವುದಿಲ್ಲ. ಕಾಲುವೆಯ ಕೊನೆಯಂಚಿನ ಹೊಲಕ್ಕೆ ನೀರು ತಲುಪುವುದಿಲ್ಲ, ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿಗೂ ಕೊರತೆಯಾಗುತ್ತದೆ, ರೈತರು ಕೊಳವೆಬಾವಿಯ ಪಂಪಿಗೆ ಮೊರೆಹೋಗುತ್ತಾರೆ. ಕಾಗದದ ಮೇಲಿನ ಸಾಮರ್ಥ್ಯವೇ ಬೇರೆ, ಮನೆಬಾಗಿಲಿಗೆ ತಲುಪುವ ಸೇವೆಯೇ ಬೇರೆ. ರೆಡ್ಡಿಯವರ ಕ್ಷೇತ್ರಕಾರ್ಯ ನಡೆದುದು ದೂರದ ಕುಣಿಗಲ್ ತಾಲ್ಲೂಕಿನಲ್ಲಾದರೂ ಅವರು ಜೀವಮಾನವಿಡೀ ಅಳೆದುದು ಇದೇ ಅಂತರವನ್ನು.

ಜನನ ಮತ್ತು ವಿದ್ಯಾಭ್ಯಾಸ

ಶ್ರೀಯುತರು ದಿನಾಂಕ 21 ಅಕ್ಟೋಬರ್ 1930ರಂದು ಬೆಂಗಳೂರಿನಲ್ಲಿ ಜನಿಸಿದರು. ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ 1958ರಲ್ಲಿ ಡಾಕ್ಟರೇಟ್ ಗಳಿಸಿದ ತರುವಾಯ ಕಾರೈಕುಡಿಯ ಕೇಂದ್ರೀಯ ವಿದ್ಯುತ್-ರಾಸಾಯನಿಕ ಸಂಶೋಧನಾ ಸಂಸ್ಥೆಯಲ್ಲಿಯೂ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿಯೂ ಕಾರ್ಯ ನಿರ್ವಹಿಸಿದರು. ಪೆನ್ಸಿಲ್ವೇನಿಯದಲ್ಲಿ ಪ್ರೊ. ಜಾನ್ ಬಾಕ್ರಿಸ್ ಅವರೊಡನೆ ಆರಂಭಿಸಿ 1970ರಲ್ಲಿ ಪ್ರಕಟಿಸಿದ 'ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ' ಎಂಬ ಗ್ರಂಥವು ಹಲವು ದೇಶಗಳಲ್ಲಿ ಪಠ್ಯವಾಯಿತು. 1960ರ ದಶಕದ ಮಧ್ಯಭಾಗದಲ್ಲಿ ಭಾರತಕ್ಕೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, 1991ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿಯೇ ಸೇವೆ ಸಲ್ಲಿಸಿದರು. ಇಷ್ಟರಲ್ಲಿಯೇ ಉಳಿದಿದ್ದರೂ ಅವರು ದೊಡ್ಡ ವಿಜ್ಞಾನಿಯೇ ಆಗಿರುತ್ತಿದ್ದರು.

ಅಸ್ತ್ರ

1973ರಲ್ಲಿ ಕಚ್ಚಾ ತೈಲದ ಬೆಲೆ ಹಠಾತ್ತನೆ ಏರಿದಾಗ ಬಡ ದೇಶಗಳ ಸರ್ಕಾರಗಳು ತತ್ತರಿಸಿದವು. ಆ ಹೊತ್ತಿಗೆ ರೆಡ್ಡಿಯವರನ್ನು ಬೇರೊಂದು ವಿಚಾರ ಕಾಡತೊಡಗಿತ್ತು. ದೇಶದ ಅತ್ಯುತ್ತಮ ವಿಜ್ಞಾನಿಗಳು ಮಾಡುವ ಸಂಶೋಧನೆಯಿಂದ ದೇಶದ ಬಹುಪಾಲು ಜನರು ವಾಸಿಸುವ ಹಳ್ಳಿಗಳಿಗೆ ಏನು ತಲುಪುತ್ತಿದೆ ಎಂಬುದೇ ಆ ವಿಚಾರ. ಸಂಸ್ಥೆಯ ಅಂದಿನ ನಿರ್ದೇಶಕರಾದ ಪ್ರೊ. ಸತೀಶ್ ಧವನ್ ಅವರ ಬೆಂಬಲದಿಂದ 1974ರಲ್ಲಿ ಸಂಸ್ಥೆಯೊಳಗೇ ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ಕೋಶವೊಂದು ಆರಂಭವಾಯಿತು. ಇಂಗ್ಲಿಷಿನ ಅದರ ಹೆಸರಿನ ಮೊದಲಕ್ಷರಗಳು ಕೂಡಿ 'ಅಸ್ತ್ರ' ಎಂದಾದುದು ಜನರ ಬಾಯಲ್ಲಿ ಸುಲಭವಾಗಿ ನಿಂತಿತು. ಮರುವರ್ಷ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಆರಂಭದ ವರ್ಷಗಳಲ್ಲಿ ರೆಡ್ಡಿಯವರೇ ಕಾರ್ಯದರ್ಶಿಯಾಗಿ ದುಡಿದರು. ಸಂಸ್ಥೆಯ ಪ್ರಯೋಗಾಲಯ ಮತ್ತು ಸರ್ಕಾರದ ಇಲಾಖೆಗಳ ನಡುವೆ ಸೇತುವೆಯಾಗುವುದು ಆ ಮಂಡಳಿಯ ಉದ್ದೇಶವಾಗಿತ್ತು.

ಹಳ್ಳಿಗಳಿಗೆ ಪಾಠ ಹೇಳಲು ಹೊರಡುವ ಮೊದಲು ಹಳ್ಳಿಗಳಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಅಳೆಯಬೇಕೆಂದು ಅವರು ನಿರ್ಧರಿಸಿದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದು, ಸುತ್ತಲಿನ ಆರು ಹಳ್ಳಿಗಳ ಮನೆಮನೆಗೂ ಹೋಗಿ ಶಕ್ತಿಯ ಬಳಕೆಯ ಸಮೀಕ್ಷೆ ನಡೆಸಲಾಯಿತು. ಎಷ್ಟು ಕಟ್ಟಿಗೆ ಉರಿಯುತ್ತದೆ, ಎಷ್ಟು ಸೀಮೆಎಣ್ಣೆ ಖರ್ಚಾಗುತ್ತದೆ, ಎತ್ತು ಎಷ್ಟು ಹೊತ್ತು ದುಡಿಯುತ್ತದೆ ಎಂಬುದರ ಜೊತೆಗೆ ಹೆಂಗಸರು, ಗಂಡಸರು ಮತ್ತು ಮಕ್ಕಳು ದಿನಕ್ಕೆ ಎಷ್ಟು ತಾಸು ದುಡಿಯುತ್ತಾರೆ, ಎಷ್ಟು ದೂರ ನಡೆಯುತ್ತಾರೆ ಎಂಬುದನ್ನೂ ಪುಸ್ತಕಕ್ಕೆ ಇಳಿಸಲಾಯಿತು. ಮನುಷ್ಯರ ದುಡಿಮೆಯನ್ನೂ ಶಕ್ತಿಯ ಒಂದು ಬಾಬತ್ತೆಂದು ಎಣಿಸಿದುದು ಈ ಸಮೀಕ್ಷೆಯ ವಿಶೇಷ.

ಫಲಿತಾಂಶವು ನಗರದ ಯೋಜಕರ ಕಲ್ಪನೆಗೆ ಹೊಂದುವಂತಿರಲಿಲ್ಲ. ಹಳ್ಳಿ ಬಳಸುವ ಶಕ್ತಿಯ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಕಟ್ಟಿಗೆಯಿಂದಲೇ ಬರುತ್ತಿತ್ತು, ಮತ್ತು ಆ ಕಟ್ಟಿಗೆಯ ಬಹುಭಾಗ ಅಡುಗೆ ಒಲೆಗೆ ಹೋಗುತ್ತಿತ್ತು. ವಿದ್ಯುತ್ತಿನ ಪಾಲು ತೀರ ಅಲ್ಪ. ಕಟ್ಟಿಗೆ ಆಯುವುದು, ನೀರು ಹೊರುವುದು, ಅಡುಗೆ ಮಾಡುವುದು, ದನ ಮೇಯಿಸುವುದು ಇವುಗಳ ಹೊರೆ ಮುಖ್ಯವಾಗಿ ಹೆಂಗಸರ ಮತ್ತು ಮಕ್ಕಳ ಮೇಲೆ ಬಿದ್ದಿತ್ತು. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಈ ದುಡಿಮೆ ರಾಜ್ಯದ ಯಾವ ಆಯವ್ಯಯ ಪತ್ರದಲ್ಲಿಯೂ ಕಾಣುತ್ತಿರಲಿಲ್ಲ. ಶಾಲೆಗೆ ಹೋಗಬೇಕಾದ ಹುಡುಗಿ ಕಟ್ಟಿಗೆಗೆ ಹೋದರೆ ಆ ನಷ್ಟವನ್ನು ಬರೆದುಕೊಳ್ಳಲು ಶೀರ್ಷಿಕೆಯೇ ಇರಲಿಲ್ಲ. ಹತ್ತಿಕಟ್ಟಿಗೆ ಮತ್ತು ಕುಳ್ಳು ಉರಿಸಿ ಬೆಳೆದ ನಮ್ಮ ಬಯಲುಸೀಮೆಯ ಮನೆಗಳವರು ಈ ಮಾತನ್ನು ವಿವರಣೆಯಿಲ್ಲದೆ ಗ್ರಹಿಸಬಲ್ಲರು.

ಸಮೀಕ್ಷೆಯ ಬೆನ್ನಿಗೇ ತಂತ್ರಗಳು ಬಂದವು. ಕಡಿಮೆ ಕಟ್ಟಿಗೆಯಲ್ಲಿ ಬೇಯಿಸಿ ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ 'ಅಸ್ತ್ರ ಒಲೆ'ಯನ್ನು ಕೋಶದ ಸಹೋದ್ಯೋಗಿಗಳು ರೂಪಿಸಿದರು. ಅದು ರಾಜ್ಯದ ಅನೇಕ ಹಳ್ಳಿಗಳನ್ನು ತಲುಪಿತು. ಮಣ್ಣನ್ನು ಒತ್ತಿ ಇಟ್ಟಿಗೆ ಮಾಡುವ ಯಂತ್ರವೂ ಇಲ್ಲಿಯದೇ.

ಪುರ ಗ್ರಾಮದ ಪ್ರಯೋಗ

ಕುಣಿಗಲ್ ತಾಲ್ಲೂಕಿನ ಪುರ ಎಂಬ ಚಿಕ್ಕ ಹಳ್ಳಿಯಲ್ಲಿ ನಡೆದ ಸಮುದಾಯ ಗೋಬರ್ ಗ್ಯಾಸ್ ಪ್ರಯೋಗವು ರೆಡ್ಡಿಯವರ ಕಾರ್ಯಗಳಲ್ಲಿ ಹೆಚ್ಚು ಚರ್ಚೆಗೆ ಒಳಗಾದುದು. ಗೋಬರ್ ಗ್ಯಾಸ್ ಘಟಕಕ್ಕೆ ಅರ್ಜಿ ಸಲ್ಲಿಸುವವರು ಇದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಉಪಯುಕ್ತ.

ಮನೆಗೊಂದು ಘಟಕವೆಂದರೆ ನಾಲ್ಕಾರು ದನಗಳಿರುವವರಿಗೆ ಮಾತ್ರ ಅನುಕೂಲ. ದನವಿಲ್ಲದವರ ಮನೆಗೂ ಅನಿಲ ತಲುಪಬೇಕಾದರೆ ಇಡೀ ಊರಿಗೆ ಒಂದೇ ದೊಡ್ಡ ಘಟಕವಿರಬೇಕು. ಈ ಆಲೋಚನೆಯಿಂದ 1980ರ ದಶಕದ ಆರಂಭದಲ್ಲಿ ಪುರದಲ್ಲಿ ಘಟಕ ನಿರ್ಮಾಣವಾಗಿ ಅಡುಗೆಗೆ ಅನಿಲ ಒದಗಿಸುವ ಪ್ರಯತ್ನ ನಡೆಯಿತು. ಅದು ಕೈಗೂಡಲಿಲ್ಲ. ದೊರೆತ ಸಗಣಿಯಿಂದ ಬರುವ ಅನಿಲ ಎಲ್ಲ ಮನೆಗಳ ಎರಡು ಹೊತ್ತಿನ ಅಡುಗೆಗೆ ಸಾಲುತ್ತಿರಲಿಲ್ಲ. ಅರ್ಧ ಅಡುಗೆಗೆ ಅನಿಲ ಸಿಕ್ಕರೂ ಉಳಿದರ್ಧಕ್ಕೆ ಕಟ್ಟಿಗೆ ತರಲೇಬೇಕಾಗುತ್ತಿತ್ತು. ಹೀಗಾಗಿ ಜನರಿಗೆ ಆಸಕ್ತಿ ಕುಂದಿತು, ಸಗಣಿ ಬರುವುದು ಕಡಿಮೆಯಾಯಿತು, ಘಟಕ ನಿಂತಿತು.

ಅನೇಕ ಯೋಜನೆಗಳು ಇಂತಹ ಘಟ್ಟದಲ್ಲಿ ಉದ್ಘಾಟನಾ ಫಲಕವೊಂದನ್ನು ಮಾತ್ರ ಉಳಿಸಿ ಮರೆಯಾಗುತ್ತವೆ. ರೆಡ್ಡಿಯವರ ತಂಡವು ಗ್ರಾಮಸ್ಥರೊಡನೆ ಮತ್ತೆ ಕುಳಿತು ಮಾತನಾಡಿತು. ಜನರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ಶುದ್ಧ ನೀರು, ಆಮೇಲೆ ಮಂದವಾಗದ ಬೆಳಕು. ಅದರಂತೆ 1987ರಲ್ಲಿ ಅನಿಲವನ್ನು ಎಂಜಿನ್ನಿಗೆ ತಿರುಗಿಸಲಾಯಿತು. ಸ್ವಲ್ಪ ಡೀಸೆಲ್ಲಿನೊಡನೆ ಗೋಬರ್ ಗ್ಯಾಸ್ ಬೆರೆಸಿ ನಡೆಯುವ ಐದು ಕಿಲೋವ್ಯಾಟ್ ಪ್ರಮಾಣದ ಆ ಎಂಜಿನ್ ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗಳಿಗೆ ಒದಗಿಸಿತು, ಮನೆಗಳಿಗೆ ದೀಪ ಹಚ್ಚಿತು. ಸರ್ಕಾರಿ ವಿದ್ಯುತ್ ಜಾಲ ಊರಿಗೆ ಬಂದಿದ್ದರೂ ಅದರ ವೋಲ್ಟೇಜ್ ಕಡಿಮೆಯಿದ್ದುದರಿಂದ ಈ ದೀಪಕ್ಕೆ ಬೇಡಿಕೆಯಿತ್ತು.

ವ್ಯವಸ್ಥೆಯ ನಡಾವಳಿ ಹೀಗಿತ್ತು. ಬೆಳಿಗ್ಗೆ ಹೆಂಗಸರು ಮತ್ತು ಮಕ್ಕಳು ಸಗಣಿಯನ್ನು ಘಟಕಕ್ಕೆ ತಂದು ತೂಗಿಸುತ್ತಿದ್ದರು. ಅನಿಲ ತೆಗೆದ ನಂತರದ ಬಗ್ಗಡವನ್ನು ಸೋಸಿ, ಅವರವರ ಪಾಲನ್ನು ಗೊಬ್ಬರವಾಗಿ ಅವರವರಿಗೇ ಹಿಂದಿರುಗಿಸಲಾಗುತ್ತಿತ್ತು. ತಂದು ಹಾಕಿದ ಶ್ರಮಕ್ಕೆ ಕೂಲಿಯೂ ಸಲ್ಲುತ್ತಿತ್ತು, ಅದು ಹೆಂಗಸರ ಕೈಗೆ ನೇರವಾಗಿ ಬರುವ ಹಣವಾಗಿತ್ತು. ಊರಿನ ಯುವಕರೇ ಘಟಕವನ್ನು ನಡೆಸಿದರು. ಊರಿನವರ ಸಮಿತಿ ಶುಲ್ಕ ವಸೂಲು ಮಾಡಿತು, ಬಾಕಿ ಉಳಿಸಿದವರ ಸಂಪರ್ಕವನ್ನು ತಡೆಯಿತು. ಸಾಮೂಹಿಕ ಆಸ್ತಿಯೆಂದರೆ ಎಲ್ಲರೂ ಸೂರೆಮಾಡಿ ಹಾಳುಗೆಡಹುವರು ಎಂಬುದು ಅಂದಿನ ಅರ್ಥಶಾಸ್ತ್ರದಲ್ಲಿ ಪ್ರಚಲಿತವಾಗಿದ್ದ ವಾದ. ಪುರದಲ್ಲಿ ರೆಡ್ಡಿಯವರು ಕಂಡುದು ಅದಕ್ಕೆ ವಿರುದ್ಧವಾದುದನ್ನು. ಒಬ್ಬರು ಸಗಣಿ ತಾರದಿದ್ದರೆ ಎಲ್ಲರ ನಲ್ಲಿಯೂ ಒಣಗುತ್ತದೆ, ತಮ್ಮದೂ ಒಣಗುತ್ತದೆ ಎಂಬ ಅರಿವು ಜನರನ್ನು ಒಟ್ಟಾಗಿ ಹಿಡಿದಿತ್ತು.

ಈ ವ್ಯವಸ್ಥೆ ಸುಮಾರು ಹತ್ತು ವರ್ಷ ನಡೆದು ಮುಂದೆ ನಿಂತಿತು. ಇದನ್ನು ಮರೆಮಾಚಲು ಅವರು ಯತ್ನಿಸಲಿಲ್ಲ. ಪುರದಿಂದ ಕಲಿತ ಪಾಠಗಳನ್ನು ಕುರಿತು 2004ರಲ್ಲಿ ದೀರ್ಘ ಲೇಖನವೊಂದನ್ನೇ ಬರೆದು ಪ್ರಕಟಿಸಿದರು. ತಮ್ಮದೇ ಯೋಜನೆಯ ಏಳುಬೀಳನ್ನು ಇಷ್ಟು ಬಿಚ್ಚಿ ಬರೆದ ಪ್ರಾಧ್ಯಾಪಕರು ಅಪರೂಪ. ಇಂದಿಗೂ ಗ್ರಾಮ ಮಟ್ಟದ ಘಟಕ ಸ್ಥಾಪಿಸಬಯಸುವ ಪಂಚಾಯಿತಿಗಳು ಯಂತ್ರದ ದರಪಟ್ಟಿಗಿಂತ ಮೊದಲು ಓದಬೇಕಾದುದು ಅದನ್ನು.

ಚಿಮಣಿ ದೀಪ ಮತ್ತು ಲಾರಿ

ಗುಡಿಸಲಿನ ಸೀಮೆಎಣ್ಣೆ ದೀಪಕ್ಕೂ ದೇಶದ ವಿದೇಶಿ ವಿನಿಮಯಕ್ಕೂ ಇರುವ ನಂಟನ್ನು ಅವರು 1981ರಲ್ಲಿ ವಿಶ್ಲೇಷಿಸಿದರು. ಬಡವರ ದೀಪಕ್ಕಾಗಿ ಸೀಮೆಎಣ್ಣೆಯನ್ನು ಅಗ್ಗವಾಗಿ ಕೊಡಬೇಕಾಗುತ್ತದೆ. ಸೀಮೆಎಣ್ಣೆ ಅಗ್ಗವಾಗಿದ್ದು ಡೀಸೆಲ್ ದುಬಾರಿಯಾದರೆ ಲಾರಿಗಳವರು ಕಲಬೆರಕೆಗೆ ಇಳಿಯುತ್ತಾರೆ, ಆದುದರಿಂದ ಡೀಸೆಲ್ ಬೆಲೆಯನ್ನೂ ತಗ್ಗಿಸಿಡಬೇಕಾಗುತ್ತದೆ. ಡೀಸೆಲ್ ಅಗ್ಗವಾದರೆ ಸರಕು ರೈಲನ್ನು ಬಿಟ್ಟು ರಸ್ತೆಗೆ ಬರುತ್ತದೆ, ತೈಲದ ಆಮದು ಏರುತ್ತದೆ. ಹೀಗಾಗಿ ಎಲ್ಲ ಮನೆಗಳಿಗೆ ವಿದ್ಯುತ್ ದೀಪ ಕೊಡುವುದು ಬಡವರಿಗೆ ಮಾಡುವ ಉಪಕಾರವೆಂದು ಮಾತ್ರ ಎಣಿಸತಕ್ಕದ್ದಲ್ಲ, ಅದು ತೈಲದ ಆಮದನ್ನು ತಗ್ಗಿಸುವ ದಾರಿಯೂ ಹೌದು ಎಂಬುದು ಅವರ ನಿಲುವು. ಒಂದು ಬಲ್ಬಿನಿಂದ ಬಂದರಿನವರೆಗೆ ಎಳೆ ಹಿಡಿದು ಹೋಗುವ ಇಂತಹ ತರ್ಕ ಅವರ ಬರಹಗಳ ಲಕ್ಷಣ. 1983ರಲ್ಲಿ ಬೆಂಗಳೂರು ನಗರದ ಸೌದೆಯ ಬಳಕೆಯನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿಯೂ, ದೂರದಿಂದ ಲಾರಿಗಳಲ್ಲಿ ಬರುವ ಸೌದೆಯನ್ನು ನೆಚ್ಚಿಕೊಂಡಿರುವವರು ಮುಖ್ಯವಾಗಿ ಕಡಿಮೆ ಆದಾಯದವರೆಂಬುದನ್ನು ಅಂಕಿಗಳಿಂದ ತೋರಿಸಿದರು.

1985ರಲ್ಲಿ ಬ್ರೆಜಿಲ್ಲಿನ ಜೋಸೆ ಗೋಲ್ಡೆಂಬರ್ಗ್, ಸ್ವೀಡನ್ನಿನ ಥಾಮಸ್ ಯೋಹಾನ್ಸನ್ ಮತ್ತು ಅಮೆರಿಕದ ರಾಬರ್ಟ್ ವಿಲಿಯಮ್ಸ್ ಅವರೊಡನೆ ಕೂಡಿ ಬರೆದ ಲೇಖನದಲ್ಲಿ, ಅತ್ಯುತ್ತಮ ಉಪಕರಣಗಳನ್ನು ಬಳಸಿದಲ್ಲಿ ತಲಾ ಒಂದು ಕಿಲೋವ್ಯಾಟ್, ಅಂದರೆ ಎಲ್ಲ ಮೂಲಗಳಿಂದ ಸೇರಿ ದಿನಕ್ಕೆ 24 ಯೂನಿಟ್ಟಿಗೆ ಸಮನಾದ ಶಕ್ತಿಯಿಂದ, 1970ರ ದಶಕದ ಪಶ್ಚಿಮ ಯೂರೋಪಿನ ಜೀವನಮಟ್ಟವನ್ನು ಬಡ ದೇಶಗಳು ತಲುಪಬಹುದೆಂದು ಲೆಕ್ಕ ಹಾಕಲಾಯಿತು. ಅದು ಆಗ ಆ ದೇಶಗಳು ಬಳಸುತ್ತಿದ್ದುದಕ್ಕಿಂತ ಬಹಳ ಹೆಚ್ಚೇನೂ ಆಗಿರಲಿಲ್ಲ. ಈ ನಾಲ್ವರ ಗ್ರಂಥ 'ಎನರ್ಜಿ ಫಾರ್ ಎ ಸಸ್ಟೇನಬಲ್ ವರ್ಲ್ಡ್' ಅನಂತರ ಹೊರಬಂದಿತು.

ರಾಜ್ಯದ ವಿದ್ಯುತ್ ಯೋಜನೆಗೆ ಪರ್ಯಾಯ ಲೆಕ್ಕ

ಕರ್ನಾಟಕವು ದಶಕಗಳ ಕಾಲ ಜಲವಿದ್ಯುತ್ತನ್ನೇ ನಂಬಿಕೊಂಡಿದ್ದ ರಾಜ್ಯ. ಮುಂಗಾರು ದುರ್ಬಲವಾದರೆ ಶರಾವತಿಯ ಲಿಂಗನಮಕ್ಕಿ ಬರಿದಾಗಿ ಊರೂರಿಗೂ ವಿದ್ಯುತ್ ಕಡಿತವಾಗುತ್ತಿತ್ತು. ಈ ಹಿನ್ನೆಲೆಯಲ್ಲಿ ವಿದ್ಯುತ್ ಯೋಜನೆಗಳ ದೀರ್ಘಾವಧಿ ಯೋಜನಾ ಸಮಿತಿಯು 1987ರಲ್ಲಿ ವರದಿ ನೀಡಿ, 2000ನೇ ಇಸವಿಗೆ ರಾಜ್ಯಕ್ಕೆ ವರ್ಷಕ್ಕೆ ಸುಮಾರು 4,750 ಕೋಟಿ ಯೂನಿಟ್ ವಿದ್ಯುತ್ತು ಮತ್ತು ಸುಮಾರು 9,400 ಮೆಗಾವ್ಯಾಟ್ ಸಾಮರ್ಥ್ಯ ಬೇಕಾಗುವುದೆಂದು ಅಂದಾಜಿಸಿತು.

ಆ ವೇಳೆಗೆ ಸಂಸ್ಥೆಯ ಮ್ಯಾನೇಜ್‌ಮೆಂಟ್ ಸ್ಟಡೀಸ್ ವಿಭಾಗದಲ್ಲಿದ್ದ ರೆಡ್ಡಿಯವರು ತಮ್ಮ ಸಹೋದ್ಯೋಗಿಗಳೊಡನೆ ಈ ಅಂದಾಜನ್ನು ಬುಡದಿಂದ ಪರಿಶೀಲಿಸಿದರು. ಹಿಂದಿನ ವರ್ಷಗಳ ಏರಿಕೆಯನ್ನೇ ಮುಂದಕ್ಕೆ ಎಳೆದರೆ ಹಿಂದಿನ ಪೋಲು ಕೂಡ ಮುಂದಕ್ಕೆ ಬರುತ್ತದೆ ಎಂಬುದು ಅವರ ಮುಖ್ಯ ಆಕ್ಷೇಪ. ಜನರಿಗೆ ಬೇಕಾಗಿರುವುದು ಬೆಳಕು, ನೀರು, ಬೇಯಿಸಿದ ಅನ್ನ. ವಿದ್ಯುತ್ತು ಅವುಗಳಿಗೆ ಸಾಧನ ಮಾತ್ರ. ಆದುದರಿಂದ ಯಾರಿಗೆ ಯಾವ ಸೇವೆ ಎಷ್ಟು ಬೇಕು ಎಂದು ಕೆಳಗಿನಿಂದ ಎಣಿಸಿ, ಪ್ರತಿಯೊಂದನ್ನೂ ಒದಗಿಸುವ ಅತಿ ಕಡಿಮೆ ವೆಚ್ಚದ ಮಾರ್ಗವನ್ನು ಹುಡುಕಿ, ಅಗ್ಗವಾದುದನ್ನು ಮೊದಲು ಕೈಗೊಳ್ಳಬೇಕು. ಈ ವಿಧಾನಕ್ಕೆ 'ಡಿಫೆಂಡಸ್' ಎಂಬ ಹೆಸರಿಟ್ಟು 1991ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ' ಪತ್ರಿಕೆಯಲ್ಲಿ ವಿವರವಾಗಿ ಪ್ರಕಟಿಸಿದರು.

ಆ ಲೆಕ್ಕದಲ್ಲಿದ್ದ ಬಾಬತ್ತುಗಳು ಇಂದಿನ ಅರ್ಜಿದಾರರಿಗೆ ಪರಿಚಿತವೇ. ಹಳೆಯ ಬಲ್ಬಿಗೆ ಬದಲು ಕಡಿಮೆ ವಿದ್ಯುತ್ತಿನ ದೀಪ, ನೀರು ಕಾಯಿಸಲು ಸೌರ ಉಪಕರಣ, ಅಡುಗೆಗೆ ವಿದ್ಯುತ್ತಿನ ಬದಲು ಅನಿಲ, ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯಿಂದ ವಿದ್ಯುತ್ ಉತ್ಪಾದನೆ, ಕಿರು ಜಲವಿದ್ಯುತ್, ಹಳ್ಳಿಗಳಲ್ಲಿ ಗೋಬರ್ ಗ್ಯಾಸ್. ನೀರಾವರಿ ಪಂಪ್‌ಸೆಟ್ಟಿನ ವಿಷಯದಲ್ಲಿ ಕೊಳವೆ ಮತ್ತು ಫುಟ್‌ವಾಲ್ವ್ ಬದಲಿಸಿದರೆ ಅಷ್ಟೇ ನೀರನ್ನು ಗಣನೀಯವಾಗಿ ಕಡಿಮೆ ವಿದ್ಯುತ್ತಿನಲ್ಲಿ ಎತ್ತಬಹುದೆಂದು ತೋರಿಸಲಾಯಿತು. ಸವದತ್ತಿ, ರಾಮದುರ್ಗಗಳಂತಹ ತಾಲ್ಲೂಕುಗಳಲ್ಲಿ ರಾತ್ರಿ ಪಾಳಿಯ ವಿದ್ಯುತ್ತಿಗಾಗಿ ಹೊಲದಲ್ಲಿ ಕಾದವರಿಗೆ ಈ ಬಾಬತ್ತಿನ ಬೆಲೆ ಗೊತ್ತು. ರಾಜ್ಯದ ಎಲ್ಲ ಮನೆಗಳಿಗೂ ವಿದ್ಯುತ್ ಕೊಡುವುದನ್ನು ಸೇರಿಸಿಯೂ 2000ನೇ ಇಸವಿಗೆ ಬೇಕಾಗುವುದು ಸುಮಾರು 1,790 ಕೋಟಿ ಯೂನಿಟ್ ಮತ್ತು 4,000 ಮೆಗಾವ್ಯಾಟ್ ಎಂದು ಲೆಕ್ಕ ಬಂದಿತು. ಇದು ಸಮಿತಿಯ ಅಂಕಿಯ ಐದರಲ್ಲಿ ಎರಡು ಪಾಲಿನಷ್ಟು. ಖರ್ಚೂ ಹೊಗೆಯೂ ಅದಕ್ಕೆ ತಕ್ಕಂತೆ ಕಡಿಮೆ.

ಯೋಜಕರು ಇದನ್ನು ಇಡಿಯಾಗಿ ಒಪ್ಪಲಿಲ್ಲ. ಪ್ರಾಧ್ಯಾಪಕರ ಲೆಕ್ಕ ಕಾರ್ಖಾನೆಗಳ ಬೇಡಿಕೆಯನ್ನು ಕಿರಿದಾಗಿ ಕಾಣುತ್ತದೆ ಎಂಬ ಟೀಕೆಗೆ ಅವಕಾಶವಿತ್ತು. ಲಕ್ಷಾಂತರ ಜನರು ಉಪಕರಣ ಬದಲಿಸುವಂತೆ ಮಾಡುವುದು ಒಂದು ಸ್ಥಾವರ ಕಟ್ಟುವುದಕ್ಕಿಂತ ಕಷ್ಟ ಎಂಬ ಮಾತಿನಲ್ಲಿಯೂ ಹುರುಳಿದೆ. ಆದರೆ 2000ನೇ ಇಸವಿ ಬಂದಾಗ ರಾಜ್ಯದ ಸ್ಥಾಪಿತ ಸಾಮರ್ಥ್ಯವು ಸಮಿತಿ ಹೇಳಿದ 9,400 ಮೆಗಾವ್ಯಾಟಿನ ಸಮೀಪಕ್ಕೂ ತಲುಪಿರಲಿಲ್ಲ. ಅಷ್ಟು ಹಣ ಎಲ್ಲಿಯೂ ಇರಲಿಲ್ಲ. ವಿದ್ಯುತ್ ಕೊರತೆ ಮಾತ್ರ ಉಳಿದಿತ್ತು, ಉಳಿತಾಯದ ಅಗ್ಗದ ಮಾರ್ಗಗಳೂ ಬಹುಮಟ್ಟಿಗೆ ಕೈಗೊಳ್ಳದೆ ಉಳಿದಿದ್ದವು. ಮುಂದಿನ ವರ್ಷಗಳಲ್ಲಿ ಅವುಗಳಲ್ಲಿ ಹಲವು ಒಂದೊಂದಾಗಿ ಕಾರ್ಯರೂಪಕ್ಕೆ ಬಂದವು. 2007ರಲ್ಲಿ ಹಲವು ಬಗೆಯ ಕಟ್ಟಡಗಳಿಗೆ ಸೌರ ನೀರು ಕಾಯಿಸುವ ಉಪಕರಣವನ್ನು ಕಡ್ಡಾಯಗೊಳಿಸಿ ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳು ಸಿಪ್ಪೆಯಿಂದ ವಿದ್ಯುತ್ ತೆಗೆದು ಜಾಲಕ್ಕೆ ಮಾರತೊಡಗಿದವು. ಸವದತ್ತಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದವು.

ಅಣುವಿದ್ಯುತ್ತಿನ ವಿಷಯದಲ್ಲಿ ಅವರು ಇದೇ ಅಳತೆಗೋಲನ್ನು ಹಿಡಿದರು. ಕೈಗಾ ಸ್ಥಾವರ ನಿರ್ಮಾಣದಲ್ಲಿದ್ದಾಗಲೇ, ಬಂಡವಾಳದ ಬಡ್ಡಿ ಮತ್ತು ನಿರ್ಮಾಣದ ವಿಳಂಬವನ್ನು ಸರಿಯಾಗಿ ಎಣಿಸಿದರೆ ಅಲ್ಲಿಯ ಯೂನಿಟ್ಟು ಇತರ ಮೂಲಗಳಿಗಿಂತ ದುಬಾರಿಯಾಗುವುದೆಂದು ವಾದಿಸಿದರು. ಅಣುಶಕ್ತಿ ಇಲಾಖೆಯವರು ಇದನ್ನು ಒಪ್ಪಲಿಲ್ಲ.

ಕೊನೆಯ ವರ್ಷಗಳು

ಭಾರತ ಸರ್ಕಾರವು 1991ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು. ಅದೇ ವರ್ಷ ನಿವೃತ್ತರಾಗಿ, ಅಭಿವೃದ್ಧಿಶೀಲ ರಾಷ್ಟ್ರಗಳ ಶಕ್ತಿನೀತಿಗಾಗಿ 'ಇಂಟರ್‌ನ್ಯಾಷನಲ್ ಎನರ್ಜಿ ಇನಿಷಿಯೇಟಿವ್' ಎಂಬ ಸಂಸ್ಥೆಯನ್ನು ಕಟ್ಟಿದರು. ಅದರಿಂದ ಹೊರಟ 'ಎನರ್ಜಿ ಫಾರ್ ಸಸ್ಟೇನಬಲ್ ಡೆವಲಪ್‌ಮೆಂಟ್' ಎಂಬ ನಿಯತಕಾಲಿಕವು ಜಗತ್ತಿನ ವಿದ್ವಾಂಸರ ಮಾನ್ಯತೆ ಪಡೆಯಿತು. 2000ನೇ ಇಸವಿಯಲ್ಲಿ ಸಂಯುಕ್ತ ರಾಷ್ಟ್ರಗಳ ಅಭಿವೃದ್ಧಿ ಕಾರ್ಯಕ್ರಮದ ಆಶ್ರಯದಲ್ಲಿ ಪ್ರಕಟವಾದ ಜಾಗತಿಕ ಶಕ್ತಿ ವರದಿಯಲ್ಲಿ ಶಕ್ತಿ ಮತ್ತು ಸಾಮಾಜಿಕ ಪ್ರಶ್ನೆಗಳ ಅಧ್ಯಾಯವನ್ನು ಬರೆದವರು ರೆಡ್ಡಿಯವರು. ಕಟ್ಟಿಗೆ ಹೊರುವ ಹೆಂಗಸರ ದುಡಿಮೆಯ ವಿಚಾರ ಅಲ್ಲಿ ಸ್ಥಾನ ಪಡೆಯಿತು. ಅದೇ ವರ್ಷ ಗೋಲ್ಡೆಂಬರ್ಗ್, ಯೋಹಾನ್ಸನ್ ಮತ್ತು ವಿಲಿಯಮ್ಸ್ ಅವರೊಡನೆ ವೋಲ್ವೋ ಪರಿಸರ ಪ್ರಶಸ್ತಿಗೂ ಪಾತ್ರರಾದರು.

ಶ್ರೀಯುತರು ದಿನಾಂಕ 7 ಮೇ 2006ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಅವರು ಆರಂಭಿಸಿದ ಅಸ್ತ್ರ ಕೋಶವು ಅದಕ್ಕೂ ಮೊದಲೇ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಎಂಬ ಹೊಸ ಹೆಸರು ಪಡೆದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂದುವರಿದಿತ್ತು.